ಗುರುವಾರ ರಾತ್ರಿಯ ಕ್ಯಾಪ್ಟನ್

ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಬಿಲ್ಡಿಂಗಿನ ಆರನೇ ಮಾಳಿಗೆಯಿಂದ ಪ್ರತಿ ಗುರುವಾರ ಸಂಜೆ ಏಳಕ್ಕೆ ಸರಿಯಾಗಿ ಮಂಗಳೂರಿಗೆ ಒಂದು ವಿಮಾನ ಹೊರಡುತ್ತದೆ. ಟಿಕೆಟ್ ಇಲ್ಲ, ಲಗೇಜು ತೂಗುವವರಿಲ್ಲ, ಹಲ್ವದ ಡಬ್ಬಿಯನ್ನು ಹೊರಗೆ ತೆಗೆಸುವವರೂ ಇಲ್ಲ. ಪೈಲಟ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೆಳಗೆ ಚೌಕುಳಿ ಲುಂಗಿ ಉಟ್ಟಿರುತ್ತಾರೆ.

ಹಗಲು ಹೊತ್ತು ಅವರು ಕಂಟ್ರಾಕ್ಟಿಂಗ್ ಕಂಪನಿಯೊಂದರ ಅಕೌಂಟೆಂಟ್. ಆದರೆ ಬಿಲ್ಡಿಂಗಿನ ಕಾವಲುಗಾರ ಹಾರಿಸ್‌ನಿಂದ ಹಿಡಿದು ಕೆಳಗಿನ ಬಕಾಲ ಅಂಗಡಿಯವನವರೆಗೆ ಎಲ್ಲರಿಗೂ ಅವರು ‘ಕ್ಯಾಪ್ಟನ್’. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಹೊಸಬರು ಅವರನ್ನು ನಿಜವಾದ ಪೈಲಟ್ ಎಂದೇ ತಿಳಿದು, ಊರಿಗೆ ಟಿಕೆಟ್ ಯಾವಾಗ ಅಗ್ಗವಾಗುತ್ತದೆಂದು ಕೇಳುವುದುಂಟು. ಅವರು ಇಲ್ಲ ಎನ್ನುವುದಿಲ್ಲ. ಗಂಭೀರವಾಗಿ ಆಕಾಶ ನೋಡಿ, "ರಮ್ಜಾನಿನ ಮೊದಲೇ ನೋಡಿ" ಅನ್ನುತ್ತಾರೆ.

ಕುವೈತಿನಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಗೆ ಸುಮಾರು ನಾಲ್ಕೂವರೆ ಗಂಟೆಯ ದಾರಿ. ಕಂಪ್ಯೂಟರಿನ ಈ ವಿಮಾನದಾಟದಲ್ಲಿ ಅದನ್ನು ಬೇಗ ಓಡಿಸುವ ಸೌಲಭ್ಯ ಉಂಟು. ಕ್ಯಾಪ್ಟನ್ ಅದನ್ನು ಮುಟ್ಟುವುದಿಲ್ಲ. ಸಮುದ್ರದ ಮೇಲೆ ಮಾಡಲು ಏನೂ ಕೆಲಸವಿಲ್ಲದಿದ್ದರೂ ಕುರ್ಚಿ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಊರಿನಿಂದ ಭಾವನ ಫೋನ್ ಬಂದರೆ ಹೆಂಡತಿ ಹೇಳುವ ಉತ್ತರ ಒಂದೇ: "ಅವರು ಈಗ ಮಸ್ಕತ್ತಿನ ಮೇಲಿದ್ದಾರೆ, ಇಳಿದ ಮೇಲೆ ಮಾಡಿ."

ಇಳಿಯುವುದರಲ್ಲೇ ಇರುವುದು ತೊಂದರೆ.

ಬಜಪೆಯ ರನ್‌ವೇ ಗುಡ್ಡದ ತಲೆಯನ್ನು ತಟ್ಟೆಯ ಹಾಗೆ ಸಮ ಮಾಡಿ ಹಾಸಿದ್ದು. ಉದ್ದ 2,450 ಮೀಟರ್, ಎರಡೂ ತುದಿಯಲ್ಲಿ ಕೆಳಗೆ ಕಣಿವೆ. ಕಡಲಿನಿಂದ ಬಂದ ಕ್ಯಾಪ್ಟನ್ ಊರು ದಾಟಿ, ಘಟ್ಟದ ಕಡೆ ಸ್ವಲ್ಪ ಹೋಗಿ, ತಿರುಗಿ, ಚಕ್ರ ಇಳಿಸಿ, ಉಸಿರು ಬಿಗಿಹಿಡಿದು ಬರುತ್ತಾರೆ. ಐನೂರು ಅಡಿ. ನಾನೂರು. ಮುನ್ನೂರು ಅಡಿಗೆ ಬಂದಾಗ ತೆಂಗಿನ ಮರಗಳು ನಿಲ್ಲುತ್ತವೆ, ಹಂಚಿನ ಮನೆಗಳು ನಿಲ್ಲುತ್ತವೆ, ವಿಮಾನವೂ ಆಕಾಶದಲ್ಲಿ ಕ್ಯಾಲೆಂಡರಿನ ಚಿತ್ರದಂತೆ ನಿಂತುಬಿಡುತ್ತದೆ. ಎರಡು ಸೆಕೆಂಡಿನ ನಂತರ ಚಿತ್ರ ಮತ್ತೆ ಅಲ್ಲಾಡುವಾಗ ಅವರು ರನ್‌ವೇಯ ಬದಿಯ ಹುಲ್ಲಿನಲ್ಲಿರುತ್ತಾರೆ.

ಆಗ ಆರನೇ ಮಾಳಿಗೆಯಿಂದ ಐದನೆಯದಕ್ಕೆ, ಅಂದರೆ ನನ್ನ ಮನೆಗೆ, ಒಂದು ಕೂಗು ಇಳಿದು ಬರುತ್ತದೆ: "ಆಂಟಿವೈರಸ್!"

ಕ್ಯಾಪ್ಟನ್ ಪ್ರಕಾರ ಜಗತ್ತಿನ ಸಕಲ ಕಷ್ಟಕ್ಕೂ ಮೂಲ ಅದೇ. ಇಂಟರ್‌ನೆಟ್ ನಿಧಾನವಾದರೆ ಆಂಟಿವೈರಸ್. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಆಂಟಿವೈರಸ್. 2024ರ ಜೂನ್‌ನಲ್ಲಿ ಸೆಕೆ ತಾಳದೆ ಸರ್ಕಾರ ಪಾಳಿ ಹಾಕಿ ಕರೆಂಟ್ ತೆಗೆದಾಗಲೂ ಅವರ ಮೊದಲ ಸಂಶಯ ಅದರ ಮೇಲೆಯೇ ಹೋಗಿತ್ತು. ಟೋಜ್ ಎಂಬ ಮರಳುಗಾಳಿ ಬೀಸಿದ ಮಾರನೆಯ ದಿನ ನಾನು ಅವರ ಕಂಪ್ಯೂಟರಿನ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆಗಳ ಮೇಲಿಂದ ಒಂದು ಹಿಡಿ ಮರಳುಹುಡಿ ಒರೆಸಿ ತೋರಿಸಿದೆ. ಬಿಸಿಯಾದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ ಎಂದೂ ಹೇಳಿದೆ. ಅವರು ಹುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಇದನ್ನು ಒಳಗೆ ಬಿಟ್ಟದ್ದು ಯಾರು? ಕಾಯಬೇಕಾದವನೇ ಅಲ್ವಾ?"

ಇನ್ನೊಬ್ಬರ ಲ್ಯಾಪ್‌ಟಾಪಿಗೂ ಅವರ ಔಷಧ ಒಂದೇ. ಮಗುವಿನ ಆನ್‌ಲೈನ್ ಕ್ಲಾಸಿನಲ್ಲಿ ಧ್ವನಿ ಬರುವುದಿಲ್ಲ ಎಂದು ಯಾರೋ ಕರೆದರೆ, ಚಹಾ ಕುಡಿದು, ಆಂಟಿವೈರಸ್ ಆಫ್ ಮಾಡಿ ಬರುತ್ತಾರೆ. ಧ್ವನಿ ಬರುವುದು ಬಿಡುವುದು ಅವರ ಜವಾಬ್ದಾರಿಯಲ್ಲ.

ಹಾಗೆಂದು ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಇಲ್ಲಿ ರಸ್ತೆಯಲ್ಲಿ ಚೆಕ್‌ಪೋಸ್ಟ್ ಹಾಕಿ ಪ್ರತಿ ಕಾರನ್ನೂ ನಿಲ್ಲಿಸಿ ಸಿವಿಲ್ ಐಡಿ ಕೇಳುವುದಿಲ್ಲವೇ, ಆಂಟಿವೈರಸ್ಸಿನ ಕೆಲಸವೂ ಅದೇ. ಆಟ ಒಂದು ಫೈಲನ್ನು ತೆರೆಯಹೊರಟರೆ ಅದು ಅಡ್ಡ ನಿಂತು "ಬತಾಕಾ?" ಎಂದು ಐಡಿ ಕೇಳುತ್ತದೆ. ಒಮ್ಮೆ ನೋಡಿದ ಮುಖವನ್ನು ನೆನಪಿಟ್ಟುಕೊಂಡು ಮುಂದಿನ ಸಲ ಬೇಗ ಬಿಡುವುದೂ ಉಂಟು. ನಡುಕಡಲಿನ ಮೇಲೆ ಹಾರುವಾಗ ಹೊಸ ಫೈಲೇ ಬೇಕಿಲ್ಲ. ಕೆಳಗೆ ಬರೀ ನೀರು. ನೆಲ ಹತ್ತಿರವಾದಂತೆ ಮರ, ಮನೆ, ರಸ್ತೆ, ಗುಡ್ಡ ಎಲ್ಲವೂ ಒಟ್ಟಿಗೆ ಗೇಟಿಗೆ ಬಂದು ನಿಲ್ಲುತ್ತವೆ. ಸೆಕೆಂಡಿಗೆ 30 ಚಿತ್ರ ಬರಬೇಕಾದರೆ ಒಂದೊಂದಕ್ಕೆ ಸಿಗುವುದು 33 ಮಿಲಿಸೆಕೆಂಡ್. ಅಷ್ಟರೊಳಗೆ ಗೇಟು ತೆರೆಯದಿದ್ದರೆ ಕಣ್ಣೆದುರಿನ ದೃಶ್ಯ ಮುಗ್ಗರಿಸುತ್ತದೆ.

ಇದಕ್ಕೆ ಪರಿಹಾರವೂ ಉಂಟು: ಆಟದ ಫೋಲ್ಡರಿನ ಹೆಸರು ಬರೆದುಕೊಟ್ಟು ‘ಇವರನ್ನು ತಡೆಯಬೇಡ’ ಅನ್ನುವುದು. ನಾನು ಇದನ್ನು ವಿವರಿಸುತ್ತಿದ್ದಂತೆ ಕ್ಯಾಪ್ಟನ್ ಮುಖ ಅರಳಿತು. "ವಾಸ್ತಾ ಅನ್ನಿ ಮಾರಾಯ್ರೆ!" ವಾಸ್ತಾ ಅಂದರೆ ವಶೀಲಿ; ಇಪ್ಪತ್ತು ವರ್ಷ ಕುವೈತಿನಲ್ಲಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅವತ್ತೇ ಆಟದ ಫೋಲ್ಡರಿಗೆ ವಾಸ್ತಾ ಸಿಕ್ಕಿತು. ಆ ಉತ್ಸಾಹದಲ್ಲಿ ಡೌನ್‌ಲೋಡ್ ಫೋಲ್ಡರಿಗೂ, ಕೊನೆಗೆ ಇಡೀ ಡಿಸ್ಕಿಗೂ ಕೊಡಲು ಹೊರಟಾಗ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಅಡುಗೆಮನೆಯಿಂದ ಬಂದರು. ಸಂಬಳದ ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಅದೇ ಕಂಪ್ಯೂಟರಿನಲ್ಲಿತ್ತು.

ನಾನೂ ಅಕ್ಕನ ಪಕ್ಷ ಸೇರಿ 2018ರ ಫೆಬ್ರವರಿಯ ಕಥೆ ಹೇಳಿದೆ. ಫ್ಲೈಟ್ ಸಿಮ್ ಲ್ಯಾಬ್ಸ್ ಎಂಬ ಕಂಪನಿ ಮಾರುತ್ತಿದ್ದ ಏರ್‌ಬಸ್ ಎ320ರ ಇನ್‌ಸ್ಟಾಲರಿನೊಳಗೆ, ಕ್ರೋಮ್ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕೀಳುವ ಸಾಧನವೊಂದು ಸಿಕ್ಕಿಬಿದ್ದಿತ್ತು. ಕದ್ದ ಪ್ರತಿ ಬಳಸುವವರನ್ನು ಹಿಡಿಯಲು ಇಟ್ಟದ್ದು ಎಂದು ಕಂಪನಿ ಹೇಳಿತು. ಗಲಾಟೆಯಾದ ಮೇಲೆ ತೆಗೆದುಹಾಕಿತು. ಕ್ಯಾಪ್ಟನ್ ಎಲ್ಲ ಕೇಳಿ, "ನನ್ನದು ಬೋಯಿಂಗ್" ಎಂದರು.

ವಾಸ್ತಾ ಸಿಕ್ಕಿ ಆಟ ಬೇಗ ತೆರೆಯತೊಡಗಿತು, ನಿಜ. ಆದರೆ ಗುರುವಾರದ ಮುನ್ನೂರು ಅಡಿಯ ಗಂಡಾಂತರ ತಪ್ಪಲಿಲ್ಲ. ಡಿಸೆಂಬರ್ 25ರಂದೂ ಹಾಗೆಯೇ ಆಯಿತು. ಬಜಪೆಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 1951ರ ಆ ದಿನ, ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದಾಗ. ಮೈಕ್ರೋಸಾಫ್ಟಿನವರು 2022ರಲ್ಲಿ ಆಟದ 40ನೇ ವರ್ಷದ ನೆನಪಿಗೆ ಡಿಸಿ-3 ಸೇರಿಸಿದ್ದೇ ಕ್ಯಾಪ್ಟನ್ನರಿಗೆ ಸಾಕಾಯಿತು. ಆ ವರ್ಷದ ಕ್ರಿಸ್‌ಮಸ್ಸಿಗೆ ನೆಹರೂ ಅವರನ್ನು ಇವರೇ ಇಳಿಸುವುದೆಂದು ತೀರ್ಮಾನವಾಗಿ, ನಮ್ಮನ್ನೆಲ್ಲ ಗೋಳಿಬಜೆಗೆ ಕರೆದರು. ಮುದಿ ವಿಮಾನ ನಿಧಾನವೆಂದು ಬೆಂಗಳೂರಿನಿಂದಲೇ ಹೊರಟಿದ್ದರು. ಹೊತ್ತು ರಾತ್ರಿ ಹನ್ನೊಂದು ದಾಟಿತ್ತು. ಮುನ್ನೂರು ಅಡಿಯಲ್ಲಿ ಎಲ್ಲ ನಿಂತಿತು. ಹೊರಗೆ ಹೋಗಿದ್ದ ಮಗ ಬಂದು "ಇಳಿದರಾ?" ಎಂದ. "ಇಲ್ಲ, ನೆಹರೂ ಮೇಲೆಯೇ ಇದ್ದಾರೆ" ಎಂದರು ಅಕ್ಕ, ಚಟ್ನಿ ಬಡಿಸುತ್ತ.

ಯಾವಾಗಲೂ ಹನ್ನೊಂದರ ಮೇಲೆಯೇ ಏಕೆ ಎಂದು ಆ ರಾತ್ರಿ ನನ್ನ ತಲೆಗೆ ಹೊಳೆಯಿತು. ಮರುದಿನ ಆಂಟಿವೈರಸ್ಸಿನ ಸೆಟ್ಟಿಂಗ್ ತೆರೆದು ನೋಡಿದೆ. ಹವಲ್ಲಿಯ ಅಂಗಡಿಯ ಹುಡುಗ ಕಂಪ್ಯೂಟರ್ ಕೊಡುವಾಗಲೇ, ಜನ ಮಲಗುವ ಹೊತ್ತೆಂದು, ಪ್ರತಿ ರಾತ್ರಿ 11ಕ್ಕೆ ಇಡೀ ಡಿಸ್ಕಿನ ತಪಾಸಣೆ ಇಟ್ಟಿದ್ದ. ಆಟ ಇದ್ದದ್ದು ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಅದೇ ಡಿಸ್ಕಿನಲ್ಲಿ ಮೂರು ಮದುವೆ, ಎರಡು ಬ್ರಹ್ಮಕಲಶೋತ್ಸವ ಮತ್ತು ಬೆಳಗಿನವರೆಗಿನ ಯಕ್ಷಗಾನದ ವೀಡಿಯೋಗಳು. ಡಿಸ್ಕಿನಿಂದ ಬಡಿಸಲು ಇರುವುದು ಒಂದೇ ಸೌಟು. ಒಬ್ಬ ತೆಂಗಿನ ಮರ ಬಡಿಸಬೇಕು, ಇನ್ನೊಬ್ಬ ಯಕ್ಷಗಾನದ ತಳ ಕೆದಕಬೇಕು. ಪಂಕ್ತಿ ನಿಲ್ಲದೆ ಇರುತ್ತದೆಯೇ?

ತಪಾಸಣೆಯನ್ನು ಮಂಗಳವಾರ ಮಧ್ಯಾಹ್ನಕ್ಕೆ ಸರಿಸಿದೆ.

ಮುಂದಿನ ಗುರುವಾರ ನಾವಿಬ್ಬರೂ ಪರದೆಯ ಮುಂದೆ ಕೂತೆವು. ಮುನ್ನೂರು ಅಡಿ ದಾಟಿತು. ಮರಗಳು ನೀರಿನಂತೆ ಸರಿದವು. ಇನ್ನೂರು. ನೂರು. ಒಂದು ಚಿತ್ರವೂ ಮುಗ್ಗರಿಸಲಿಲ್ಲ. ಬೋಯಿಂಗ್ ನಿಮಿಷಕ್ಕೆ 640 ಅಡಿಯ ವೇಗದಲ್ಲಿ ರನ್‌ವೇಗೆ ಕುಕ್ಕಿ, ಚೆಂಡಿನ ಹಾಗೆ ಪುಟಿದು, ಮತ್ತೊಮ್ಮೆ ಕುಕ್ಕಿ, ಓರೆಯಾಗಿ ಓಡಿ ಎಂದಿನ ಹುಲ್ಲಿಗೇ ಹೋಗಿ ನಿಂತಿತು. ಅದೂ ಅತ್ಯಂತ ಸ್ಪಷ್ಟವಾಗಿ.

ಕ್ಯಾಪ್ಟನ್ ಬಹಳ ಹೊತ್ತು ಮಾತಾಡಲಿಲ್ಲ. ಅಕ್ಕ ಬಂದು ಪರದೆ ನೋಡಿ, ಅವರ ಮುಖ ನೋಡಿ, ಏನೂ ಕೇಳದೆ ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಲುಂಗಿಯಲ್ಲಿ ಕ್ಯಾಪ್ಟನ್ ನಿಂತಿದ್ದರು. ಬಿಳಿ ಅಂಗಿ ಇರಲಿಲ್ಲ. ಮೆಟ್ಟಿಲ ಕಡೆ ಒಮ್ಮೆ ತಿರುಗಿ ನೋಡಿ ಸ್ವರ ತಗ್ಗಿಸಿದರು.

"ಆ ತಪಾಸಣೆ ಉಂಟಲ್ಲ, ಅದನ್ನು ಮೊದಲಿನ ಟೈಮಿಗೇ ಹಾಕಿಬಿಡಿ ಮಾರಾಯ್ರೆ."