ಆಂಗ್ಲ ಗ್ರಾಮೀಣ ಪಾನಗೃಹಾಧಿಪತಿಗಳ ಕಾಲ, ದೇಶ, ಮತ: ಒಂದು ಪುನರ್ವಿಮರ್ಶೆ

ಇಂಗ್ಲೆಂಡಿನ ಹಳ್ಳಿ ಪಬ್ಬು ಮತ್ತು ಅದರ ಯಜಮಾನರ ಕುರಿತು ಈವರೆಗೆ ಬಂದಿರುವ ಬರಹಗಳಲ್ಲಿ ಒಂದು ಮೂಲಭೂತ ದೋಷವಿದೆ. ಅವನ್ನು ಬರೆದವರೆಲ್ಲ ಪಬ್ಬಿಗೆ ಹೋಗಿ ಬಂದವರು. ಒಂದು ಪೈಂಟೆಂದರೆ 568 ಮಿಲಿಲೀಟರು. ಸಂಶೋಧಕನಿಗೆ ಅತ್ಯಗತ್ಯವಾದ ನಿರ್ಲಿಪ್ತಿ ಎರಡನೆಯ ಪೈಂಟಿನ ತಳ ಕಾಣುವ ಹೊತ್ತಿಗೆ ಎಷ್ಟು ಉಳಿದಿರುತ್ತದೆಂಬುದನ್ನು ಬಲ್ಲವರೇ ಬಲ್ಲರು. ಪ್ರಸ್ತುತ ಪ್ರಬಂಧಕಾರನು ಫಿಲ್ಟರ್ ಕಾಫಿಯ ಆಸರೆಯಲ್ಲಿ ಕುಳಿತು, ನಮ್ಮ ಹಿರಿಯ ವಿದ್ವಾಂಸರು ಪ್ರಾಚೀನ ಕವಿಗಳಿಗೆ ಮಾಡಿದ ಉಪಕಾರವನ್ನೇ ಈ ಯಜಮಾನರಿಗೂ ಮಾಡಲು ಹೊರಟಿದ್ದಾನೆ: ಕಾಲ, ದೇಶ, ಮತಗಳ ನಿರ್ಣಯ. ಈ ಪದ್ಧತಿಯ ದೊಡ್ಡ ಅನುಕೂಲವೆಂದರೆ ಅಲ್ಲಿ ಕಾವ್ಯ ಓದಬೇಕಿರಲಿಲ್ಲ, ಇಲ್ಲಿ ಬಿಯರು ಕುಡಿಯಬೇಕಿಲ್ಲ.

ಮೊದಲು ಕಾಲ. ಕೇಂಬ್ರಿಜ್‌ಶೈರಿನ ಹಾಲಿವೆಲ್ ಗ್ರಾಮದ ಓಲ್ಡ್ ಫೆರಿ ಬೋಟ್ ಎಂಬ ಪಬ್ಬು ತಾನು ಕ್ರಿ.ಶ. 560ರಿಂದಲೂ ಮದ್ಯ ಹೊಯ್ಯುತ್ತಿದ್ದೇನೆ ಎನ್ನುತ್ತದೆ. ಅಂದರೆ ನಮ್ಮ ಹಲ್ಮಿಡಿ ಶಾಸನಕ್ಕೆ ಹೆಚ್ಚುಕಡಿಮೆ ಒಂದು ಶತಮಾನ ಕಿರಿದು. ಸೇಂಟ್ ಆಲ್ಬನ್ಸ್ ಊರಿನ ಓಲ್ಡ್ ಫೈಟಿಂಗ್ ಕಾಕ್ಸ್ 793ಕ್ಕೆ ಪಟ್ಟು ಹಿಡಿದಿದೆ. ನಾಟಿಂಗ್‌ಹ್ಯಾಮಿನ ಟ್ರಿಪ್ ಟು ಜೆರುಸಲೇಂ 1189 ಎಂಬ ಇಸವಿಯನ್ನು ಗೋಡೆಯ ಮೇಲೇ ದಪ್ಪಕ್ಷರದಲ್ಲಿ ಬರೆಸಿಕೊಂಡಿದೆ. ನಮ್ಮ ಶಾಸನತಜ್ಞರು ಒಂದು ಕಲ್ಲಿಗಾಗಿ ಹಾಳು ದೇವಸ್ಥಾನಗಳ ಮುಳ್ಳುಕಂಟಿ ಸವರಿ, ಹಾವಿಗೆ ಹೆದರಿ, ಪಡಿಯಚ್ಚು ತೆಗೆದು ಕಣ್ಣು ಹಾಳುಮಾಡಿಕೊಂಡರು. ಅಲ್ಲಿ ಒಂದು ಡಬ್ಬಿ ಪೇಂಟು ಸಾಕಾಗಿದೆ. ಫೈಟಿಂಗ್ ಕಾಕ್ಸ್‌ನ ಎಂಟು ಮೂಲೆಯ ಕಟ್ಟಡ ಮೂಲತಃ ಅಲ್ಲಿನ ಮಠದ ಪಾರಿವಾಳದ ಗೂಡು ಎಂದು ಯಾರಾದರೂ ಆಕ್ಷೇಪಿಸಿದರೆ, ಪಾರಿವಾಳಗಳಿಗೂ ಬಾಯಾರಿಕೆಯಾಗುತ್ತದೆ ಎಂಬುದು ಸಿದ್ಧಾಂತಿಯ ಉತ್ತರ. ಹಾಲಿವೆಲ್ ಪಬ್ಬಿನ ನೆಲಹಾಸಿನಲ್ಲಿ ಒಂದು ಗೋರಿಕಲ್ಲಿದ್ದು, ಪ್ರೇಮಭಂಗದಿಂದ ಸತ್ತ ಜೂಲಿಯೆಟ್ ಎಂಬವಳ ದೆವ್ವ ವರ್ಷಕ್ಕೊಮ್ಮೆ ಅಲ್ಲಿ ಏಳುತ್ತದಂತೆ. ಅವಳನ್ನೇ ಸಾಕ್ಷಿಗೆ ಕರೆಯಬಹುದಿತ್ತು, ಯಾರೂ ಕರೆದಂತಿಲ್ಲ. ಕೊನೆಗೆ ಗಿನ್ನೆಸ್ ದಾಖಲೆ ಪುಸ್ತಕದವರು 2000ದಲ್ಲಿ ‘ಅತಿ ಹಳೆಯ ಪಬ್ಬು’ ಎಂಬ ವಿಭಾಗವನ್ನೇ ಕಿತ್ತುಹಾಕಿದರು. ಕವಿಕಾಲದ ಚರ್ಚೆಗಳಿಗೂ ಯಾರಾದರೂ ಹೀಗೆ ಮಾಡಿದ್ದರೆ ಕನ್ನಡದಲ್ಲಿ ಎಷ್ಟೋ ಸ್ನೇಹಗಳು ಉಳಿಯುತ್ತಿದ್ದವು.

ದೇಶದ ವಿಚಾರ ಬೇಗ ಮುಗಿಯುತ್ತದೆ: ಚರ್ಚಿನ ಎದುರು. ಮಧ್ಯಯುಗದಲ್ಲಿ ಚರ್ಚೇ ಹಬ್ಬದ ದಿನ ಏಲ್ ಎಂಬ ಮದ್ಯ ಕಾಯಿಸಿ, ಭಕ್ತರಿಗೆ ಮಾರಿ, ಬಂದ ದುಡ್ಡಿನಲ್ಲಿ ತನ್ನ ಮಾಡು ರಿಪೇರಿ ಮಾಡಿಸಿಕೊಳ್ಳುತ್ತಿತ್ತು. ಮುಂದೆ ಮಡಿವಂತ ಪ್ಯೂರಿಟನ್ನರು ಕಣ್ಣು ಬಿಟ್ಟಾಗ ವ್ಯಾಪಾರ ರಸ್ತೆ ದಾಟಿತು, ಮಾಡು ಸೋರತೊಡಗಿತು. ಇದಕ್ಕೆ ಅಪವಾದ ವಿಲ್ಟ್‌ಶೈರಿನ ಏವ್‌ಬರಿ. ಅಲ್ಲಿ ರೆಡ್ ಲಯನ್ ಪಬ್ಬು ಇತಿಹಾಸಪೂರ್ವ ಕಾಲದ ಶಿಲಾವರ್ತುಲದ ಒಳಗೇ ಕುಳಿತಿದೆ. ಶಿಲೆಗಳು ಪಬ್ಬಿನ ಸುತ್ತ ನಿಂತವೋ, ಪಬ್ಬು ಶಿಲೆಗಳ ನಡುವೆ ನುಗ್ಗಿತೋ ಎಂಬುದು ನಮಗೆ ಗೊತ್ತು. ಆದರೆ ಸಂಜೆ ಏಳರ ನಂತರ ಅಲ್ಲಿ ಮೊದಲನೆಯ ಪಕ್ಷಕ್ಕೂ ಬೆಂಬಲಿಗರು ಸಿಕ್ಕಾರು.

ಯಜಮಾನನ ವಂಶಮೂಲ ಹುಡುಕುತ್ತ ಹೋದರೆ ಸಿಗುವುದು ಯಜಮಾನಿ. ಹಳ್ಳಿಯ ಹೆಂಗಸು ಮನೆಮಂದಿಗೆಂದು ಏಲ್ ಕಾಯಿಸುತ್ತಿದ್ದಳು. ಹಾಪ್ಸ್ ಬೆರೆಸದ ಆ ಏಲ್ ಬೇಗ ಹುಳಿಯಾಗುತ್ತಿದ್ದುದರಿಂದ, ಮಿಕ್ಕಿದ್ದನ್ನು ಮಾರುವುದೇ ಲೇಸೆಂದು ಬಾಗಿಲಿಗೆ ಒಂದು ಕೋಲು ಸಿಕ್ಕಿಸಿ ಅದರ ತುದಿಗೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಸೊಪ್ಪು ಕಂಡ ಕಡೆ ಕುರಿ ಮಾತ್ರ ಬರುತ್ತದೆಂಬ ನಮ್ಮ ಗ್ರಾಮೀಣ ನಂಬಿಕೆ ಇಂಗ್ಲೆಂಡಿನಲ್ಲಿ ಸುಳ್ಳಾಯಿತು. 1266–67ರ ಸುಮಾರಿಗೆ ಬಂದ ರೊಟ್ಟಿ ಮತ್ತು ಏಲ್ ಕಟ್ಟಳೆ ಇವಳ ಬೆಲೆ, ಅಳತೆ, ಗುಣ ಮೂರಕ್ಕೂ ಲಗಾಮು ಹಾಕಿತು. ಪರೀಕ್ಷಿಸಲು ಏಲ್ ಪರೀಕ್ಷಕರು ನೇಮಕಗೊಂಡರು. ಪರೀಕ್ಷಕ ಬೆಂಚಿನ ಮೇಲೆ ಏಲ್ ಚೆಲ್ಲಿ, ತನ್ನ ಚರ್ಮದ ಚಡ್ಡಿಯಲ್ಲಿ ಅದರ ಮೇಲೆ ಕುಳಿತು, ಏಳುವಾಗ ಚಡ್ಡಿ ಅಂಟಿಕೊಂಡಿತೇ ಇಲ್ಲವೇ ಎಂಬುದರಿಂದ ಗುಣ ನಿರ್ಣಯಿಸುತ್ತಿದ್ದನೆಂಬ ಐತಿಹ್ಯವನ್ನು ಇತಿಹಾಸಕಾರರು ನಂಬುವುದಿಲ್ಲ. ನಮ್ಮ ಪಕ್ಷವೂ ಅದೇ. ನಾಲಿಗೆ ಬಳಸಿದರೆ ಸಂಬಳದ ಜೊತೆ ಏಲೂ ಸಿಗುವಲ್ಲಿ ಯಾವ ಸರ್ಕಾರಿ ನೌಕರ ಚಡ್ಡಿ ಬಳಸಿಯಾನು? 1556ರಲ್ಲಿ ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಈ ಹುದ್ದೆಗೆ ನೇಮಕವಾದವರಲ್ಲಿ ಜಾನ್ ಶೇಕ್ಸ್‌ಪಿಯರ್ ಒಬ್ಬ. ಅವನ ಮಗ ಬೇರೆ ಉದ್ಯೋಗ ಹಿಡಿದ. ಹಾಪ್ಸ್ ಬೆರೆಸಿದ, ಕೆಡದೆ ನಿಲ್ಲುವ ಬಿಯರು ಸಮುದ್ರ ದಾಟಿ ಬಂದು ಬೇರೂರಿದ ಮೇಲೆ ಕೆಲಸ ದೊಡ್ಡದಾಯಿತು, ಬಂಡವಾಳ ಬೇಕಾಯಿತು, ಗಂಡಸರು ಒಳಗೆ ಬಂದರು. ಲಾಭ ಕಂಡ ಮೇಲೆ ಗಂಡಸರಿಗೆ ಪರಂಪರೆಯ ಮೇಲೆ ಗೌರವ ಹುಟ್ಟುವುದು ಇಂಗ್ಲೆಂಡಿಗೆ ಮಾತ್ರ ಸೀಮಿತವಾದ ವಿದ್ಯಮಾನವಲ್ಲ.

ಈಗ ಮತ, ಈ ಪ್ರಬಂಧದ ಸ್ವೋಪಜ್ಞತೆಯೆಲ್ಲ ಇಲ್ಲಿದೆ. ಪಬ್ಬನ್ನು ಕುಡಿಯುವ ಜಾಗವೆಂದು ತಿಳಿದಿರುವುದು ಪೂರ್ವಪಕ್ಷ. ಪಬ್ಬು ಮುಚ್ಚುವ ಜಾಗವೆಂಬುದು ನಮ್ಮ ಸಿದ್ಧಾಂತ. 1552ರಲ್ಲಿ ಆರನೇ ಎಡ್ವರ್ಡನ ಕಾಲದ ಕಾನೂನು ನ್ಯಾಯಾಧಿಕಾರಿಗಳ ಪರವಾನಗಿಯಿಲ್ಲದೆ ಏಲ್‌ಮನೆ ನಡೆಸಕೂಡದೆಂದ ದಿನದಿಂದ, ತೆರೆಯುವುದು ಅಪವಾದ, ಮುಚ್ಚುವುದು ನಿಯಮ. ಈ ಮತಕ್ಕೆ ವಿರೋಧಿಯಾಗಿ ಹುಟ್ಟಿದವನು ನಮಗೆ ಪರಿಚಿತನೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕನಾಗಿ, ಪ್ರಧಾನಿಯಾಗಿ, 1830ರಲ್ಲಿ ಬಿಯರ್‌ಮನೆ ಕಾಯ್ದೆ ತಂದ. ಎರಡು ಗಿನಿ ಕಟ್ಟಿದ ಯಾವ ತೆರಿಗೆದಾರ ಗೃಹಸ್ಥನೂ ನ್ಯಾಯಾಧಿಕಾರಿಯ ಮುಖ ನೋಡದೆ ತನ್ನ ನಡುಮನೆಯಲ್ಲೇ ಬಿಯರು ಮಾರಬಹುದು. ಜನ ಜಿನ್ ಬಿಟ್ಟು ಸಾತ್ವಿಕ ಬಿಯರಿನತ್ತ ತಿರುಗಲೆಂಬುದು ಸದುದ್ದೇಶ. ಆರು ತಿಂಗಳೊಳಗೆ 20,000ಕ್ಕೂ ಮಿಕ್ಕಿ ಹೊಸ ಯಜಮಾನರು ಅವತರಿಸಿದರು. ಕಮ್ಮಾರ ಕುದುರೆಯ ಲಾಳ ಅರ್ಧಕ್ಕೆ ಬಿಟ್ಟು ಪೀಪಾಯಿಯ ಬಿರಡೆ ತಿರುಗಿಸಿದ. ಶ್ರೀರಂಗಪಟ್ಟಣದ ಕೋಟೆಯ ಗೋಡೆ ಒಡೆದ ಸೈನ್ಯದಲ್ಲಿದ್ದವನು ಇಂಗ್ಲೆಂಡಿನ ಅಷ್ಟೊಂದು ಮನೆಗಳ ಬಾಗಿಲು ತೆಗೆಸಿದ್ದರಲ್ಲಿ ಒಂದು ಕಾರ್ಯಕಾರಣ ಸಂಬಂಧವಿದೆಯೆಂದು ನಾವು ಪ್ರತಿಪಾದಿಸುತ್ತೇವೆ, ಆಧಾರ ಕೇಳಬಾರದು. 1869ರಲ್ಲಿ ನ್ಯಾಯಾಧಿಕಾರಿಗಳು ಬೀಗದ ಕೈ ವಾಪಸು ತೆಗೆದುಕೊಂಡರು.

ಮುಚ್ಚುವ ಮತದ ಸುವರ್ಣಯುಗ 1914ರ ಮಹಾಯುದ್ಧ. ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಮತ್ತರಾಗಬಾರದೆಂದು ಮಧ್ಯಾಹ್ನವೂ ಪಬ್ಬು ಮುಚ್ಚುವ ಪದ್ಧತಿ ಬಂತು. ಒಬ್ಬ ಇನ್ನೊಬ್ಬನಿಗೆ ಕುಡಿಸುವುದು ಕೂಡ ಹಲವೆಡೆ ಅಪರಾಧವಾಯಿತು. ಔದಾರ್ಯವನ್ನು ನಿಷೇಧಿಸಿದ ಕಾನೂನು ಲೋಕದಲ್ಲಿ ಅಪರೂಪ. 1916ರಲ್ಲಿ ಕಾರ್ಲೈಲ್ ಸುತ್ತಮುತ್ತ ಸರ್ಕಾರವೇ ಪಬ್ಬುಗಳನ್ನೂ ಭಟ್ಟಿಗಳನ್ನೂ ಕೊಂಡು, ಯಜಮಾನರನ್ನು ಸಂಬಳದ ನೌಕರರನ್ನಾಗಿ ಮಾಡಿತು. ಊಟ ಮಾರಿದರೆ ಕಮಿಷನ್, ಬಿಯರು ಮಾರಿದರೆ ಇಲ್ಲ. ಎಂಎಸ್‌ಐಎಲ್ ಮಳಿಗೆ ಕಂಡ ನಮಗೆ ಇದರಲ್ಲಿ ವಿಚಿತ್ರ ಕಾಣುವುದಿಲ್ಲ. ಯುದ್ಧ 1918ರಲ್ಲಿ ಮುಗಿಯಿತು, ಈ ವ್ಯವಸ್ಥೆ ಮುಗಿದದ್ದು 1973ರಲ್ಲಿ. ಮಧ್ಯಾಹ್ನದ ಬೀಗ 1988ರವರೆಗೂ ಹಾಗೇ ಇತ್ತು. ಶತ್ರು ಮತ್ತೆ ಬರಬಹುದೆಂಬ ಮುಂಜಾಗ್ರತೆ ಇರಬೇಕು.

ಈ ಮತದ ನಿತ್ಯಕರ್ಮ ರಾತ್ರಿ ಘಂಟಾನಾದ. ಯಜಮಾನ ಮೊದಲ ಗಂಟೆ ಹೊಡೆದು ಕೊನೆಯ ಆರ್ಡರಿಗೆ ಕರೆಯುತ್ತಾನೆ. ಎರಡನೆಯದಕ್ಕೆ ಹೊತ್ತಾಯಿತೆಂದು ಸಾರುತ್ತಾನೆ. ಗುಟುಕು ಮುಗಿಸಲು 2005ರವರೆಗೆ ಕಾನೂನು ಕೊಡುತ್ತಿದ್ದ ಇಪ್ಪತ್ತು ನಿಮಿಷಗಳಲ್ಲಿ ಆಂಗ್ಲ ಹಳ್ಳಿಗ ತೋರುತ್ತಿದ್ದ ನಿಧಾನಕ್ಕೆ ನಮ್ಮ ತಾಲೂಕು ಕಚೇರಿಗಳಲ್ಲೂ ಸಾಟಿಯಿರಲಿಲ್ಲ. ಇದರ ತಾಂತ್ರಿಕ ಪಂಥವೇ ಲಾಕ್-ಇನ್. ಬಾಗಿಲಿಗೆ ಅಗಳಿ, ಕಿಟಕಿಗೆ ಪರದೆ ಬಿದ್ದೊಡನೆ ಒಳಗುಳಿದವರು ಗಿರಾಕಿಗಳಾಗಿರುವುದನ್ನು ನಿಲ್ಲಿಸಿ ಯಜಮಾನನ ಖಾಸಗಿ ಅತಿಥಿಗಳಾಗುತ್ತಾರೆ. ಅತಿಥಿ ದೇವೋ ಭವ. ದೇವರಿಗೆ ಬಿಲ್ಲಿಲ್ಲ, ಕಾಣಿಕೆ ಹಾಕಿದರೆ ಬೇಡವೆನ್ನುವವರೂ ಇಲ್ಲ.

ಯಜಮಾನರ ಲಕ್ಷಣಕ್ಕೆ ನಮ್ಮ ಆಲಂಕಾರಿಕರ ನಾಯಕಭೇದವೇ ಸಾಕು. ಧೀರಲಲಿತನು ಗಿರಾಕಿಗಳ ಜೊತೆ ತಾನೂ ಕುಡಿಯುವವನು. ಅವನ ಬಗ್ಗೆ ದೀರ್ಘ ದಾಖಲೆ ಸಿಗುವುದಿಲ್ಲ, ಅಂಗಡಿ ಬೇಗ ಕೈಬದಲಾಗುತ್ತದೆ. ಧೀರೋದಾತ್ತನನ್ನು ಪೀಲ್ ದ್ವೀಪದಲ್ಲಿ ನೋಡಬೇಕು. ಕುಂಬ್ರಿಯಾ ಕಡಲಂಚಿನ ಈ ಪುಟ್ಟ ದ್ವೀಪದ ಶಿಪ್ ಇನ್ ಹಿಡಿದವನು ‘ಪೀಲ್ ರಾಜ’. ಹಳೆಯ ಕುರ್ಚಿ, ತುಕ್ಕು ಹಿಡಿದ ಶಿರಸ್ತ್ರಾಣ, ಕತ್ತಿ, ತಲೆಯ ಮೇಲೆ ಬಿಯರಿನ ಅಭಿಷೇಕ. 1487ರಲ್ಲಿ ಲ್ಯಾಂಬರ್ಟ್ ಸಿಮ್ನೆಲ್ ಎಂಬ ಹುಡುಗ ಇಂಗ್ಲೆಂಡಿನ ಸಿಂಹಾಸನ ತನ್ನದೆಂದು ಇಲ್ಲೇ ಬಂದಿಳಿದಿದ್ದ. ಆ ನೆನಪಿನ ಅಣಕವಂತೆ. ಧೀರಶಾಂತನೆಂದರೆ ಆಲ್ಬರ್ಟ್ ಪಿಯರ್‌ಪಾಯಿಂಟ್. ಓಲ್ಡ್‌ಹ್ಯಾಮ್ ಬಳಿಯ ಪಬ್ಬಿನಲ್ಲಿ ಬಿಯರು ಸುರಿಯುತ್ತಿದ್ದ ಇವನು ಬ್ರಿಟನ್ನಿನ ಅಧಿಕೃತ ಗಲ್ಲುಗಾರ. ಪಬ್ಬಿನ ಹೆಸರು ‘ಹೆಲ್ಪ್ ದ ಪೂರ್ ಸ್ಟ್ರಗ್ಲರ್’, ಅಂದರೆ ಒದ್ದಾಡುವ ಬಡವನಿಗೆ ನೆರವಾಗಿ. ಹೆಸರು ಇವನು ಬರುವ ಮೊದಲೇ ಇತ್ತು. 1950ರಲ್ಲಿ ಅವನು ಗಲ್ಲಿಗೇರಿಸಿದವರಲ್ಲಿ ತನ್ನ ಜೊತೆ ಯುಗಳಗೀತೆ ಹಾಡುತ್ತಿದ್ದ ಖಾಯಂ ಗಿರಾಕಿಯೂ ಒಬ್ಬ. ಈ ಪ್ರಸಂಗದಲ್ಲಿ ಅಣಕಕ್ಕೆ ಅವಕಾಶ ಕಡಿಮೆ, ಮುಂದೆ ಹೋಗೋಣ.

ನಾಯಿಕೆಯೂ ಇದ್ದಾಳೆ. ಕುಂಬ್ರಿಯಾದ ಬಾರ್ನ್‌ಗೇಟ್ಸ್‌ನಲ್ಲಿ ವಿಕ್ಟೋರಿಯಾ ಕಾಲದ ಯಜಮಾನಿಯೊಬ್ಬಳು ಅಂಗಳದಲ್ಲಿ ಸತ್ತುಬಿದ್ದಿದ್ದ ಬಾತುಗಳನ್ನು ಕಂಡು, ಅಡುಗೆಗಾದರೂ ಆಗಲೆಂದು ಪುಕ್ಕ ತರಿದಳಂತೆ. ಅಷ್ಟರಲ್ಲಿ ಬಾತುಗಳು ಕಣ್ಣು ಬಿಟ್ಟವು. ಸೋರುವ ಪೀಪಾಯಿಯ ಬಿಯರು ಕುಡಿದು ಮೈಮರೆತಿದ್ದವು ಅಷ್ಟೆ. ಪಶ್ಚಾತ್ತಾಪದಿಂದ ಅವಳು ಪುಕ್ಕ ಬೆಳೆಯುವವರೆಗೆ ಅವಕ್ಕೆ ಉಲ್ಲನ್ ಅಂಗಿ ಹೆಣೆದುಕೊಟ್ಟಳು. ಪಬ್ಬಿನ ಹೆಸರು ಡ್ರಂಕನ್ ಡಕ್ ಎಂದಾಯಿತು. ಅಂಗಿಯ ಬಣ್ಣದ ಬಗ್ಗೆ ಪಾಠಾಂತರಗಳಿರಬಹುದು.

ಇಷ್ಟೆಲ್ಲ ಅಭಿಷೇಕವಾದರೂ ಯಜಮಾನನಿಗೆ ರಾಜ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಭಟ್ಟಿ ಕಂಪನಿಗಳು ಪಬ್ಬುಗಳನ್ನು ಕೊಂಡು ಬಾಡಿಗೆಗೆ ಕೊಟ್ಟವು; ಷರತ್ತು ಒಂದೇ, ನಮ್ಮ ಬಿಯರನ್ನೇ ನಮ್ಮ ಬೆಲೆಗೇ ಕೊಳ್ಳಬೇಕು. ಯಾರು ಯಾವ ಸ್ಟೂಲಿನ ಮೇಲೆ ಕೂರಬೇಕೆಂಬುದು ಅವನ ಕೈಯಲ್ಲಿ, ಲೋಟದಲ್ಲಿ ಏನಿರಬೇಕೆಂಬುದು ಪರರ ಕೈಯಲ್ಲಿ. 1989ರಲ್ಲಿ ಸರ್ಕಾರ 2,000ಕ್ಕಿಂತ ಹೆಚ್ಚು ಪಬ್ಬುಗಳಿದ್ದ ಕಂಪನಿಗಳ ಹಿಡಿತ ಸಡಿಲಿಸಿತು. ಅವು ಮಾರಿದ ಪಬ್ಬುಗಳನ್ನು, ಬಿಯರು ಕಾಯಿಸಲೇ ಬಾರದ ಪಬ್ಬು ಕಂಪನಿಗಳು ಕೊಂಡು ಅದೇ ಷರತ್ತು ಹಾಕಿದವು.

2005ರ ನವೆಂಬರಿನಲ್ಲಿ ಹೊಸ ಕಾನೂನು, ಬೇಕಿದ್ದರೆ ದಿನವಿಡೀ ತೆರೆಯಲು ಪರವಾನಗಿ ಕೇಳಿರೆಂದಿತು. ನಮ್ಮ ಸಿದ್ಧಾಂತ ಇಲ್ಲೇ ಸಾಬೀತಾಗುವುದು. ಮುಚ್ಚೆಂದು ಹೇಳುವವರು ಇಲ್ಲವಾದ ಮೇಲೆ ಹಳ್ಳಿ ಪಬ್ಬುಗಳು ಶಾಶ್ವತವಾಗಿಯೇ ಮುಚ್ಚಿಕೊಳ್ಳುತ್ತ ಬಂದವು. ಸೂಪರ್‌ಮಾರ್ಕೆಟ್ಟಿನ ಅಗ್ಗದ ಬಿಯರು, 2007ರ ಧೂಮಪಾನ ನಿಷೇಧ, ಬಾಡಿಗೆ ಎಂದು ಅರ್ಥಶಾಸ್ತ್ರಜ್ಞರು ಕಾರಣ ಕೊಡುತ್ತಾರೆ. ಅವರಿಗೆ ಮತಧರ್ಮದ ಸೂಕ್ಷ್ಮ ತಿಳಿಯದು. ಒಂದೇ ಒಂದು ಪ್ರತ್ಯುದಾಹರಣೆ ನಮ್ಮನ್ನು ಕಾಡುತ್ತದೆ: 528 ಮೀಟರ್ ಎತ್ತರದ, ಬ್ರಿಟನ್ನಿನ ಅತಿ ಎತ್ತರದ ಪಬ್ಬಾದ ಟ್ಯಾನ್ ಹಿಲ್ ಇನ್. 2021ರ ನವೆಂಬರಿನ ಹಿಮಗಾಳಿಗೆ ಅರವತ್ತು ಮಂದಿ ಅಲ್ಲಿ ಮೂರು ರಾತ್ರಿ ಸಿಕ್ಕಿಕೊಂಡರು, ಓಯಸಿಸ್ ಹಾಡುಗಳನ್ನು ಅನುಕರಿಸುವ ಒಂದು ತಂಡದ ಸಮೇತ. ಗಂಟೆ ಹೊಡೆದರೂ ಹೊರಡಲು ದಾರಿಯಿರಲಿಲ್ಲ.

ಕುಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್‌ನ ಜನ ಮಾತ್ರ ಜಾಣರು. 2003ರಲ್ಲಿ ನೂರಕ್ಕೂ ಹೆಚ್ಚು ಮಂದಿ ಸಹಕಾರ ಸಂಘ ಕಟ್ಟಿ ಊರಿನ ಓಲ್ಡ್ ಕ್ರೌನ್ ಪಬ್ಬನ್ನೇ ಕೊಂಡರು. ಪಬ್ಬಿನ ಹಿಂದಿನ ಕೊಟ್ಟಿಗೆಯ ಭಟ್ಟಿ ಅದಕ್ಕೂ ಮೊದಲೇ ಸಹಕಾರಿಯಾಗಿತ್ತು. ಈಗ ಅಲ್ಲಿ ಪಬ್ಬು ನಡೆಸುವವನಿಗೆ ನೂರು ಒಡೆಯರು, ಆ ನೂರು ಒಡೆಯರೇ ಎದುರಿಗೆ ಕುಳಿತ ಗಿರಾಕಿಗಳು. ಗಂಟೆ ಹೊಡೆದು ಅವರನ್ನು ಅವರದೇ ಮನೆಯಿಂದ ಎಬ್ಬಿಸಬೇಕು. ಅಗಳಿ ಹಾಕಿದರೆ ಯಾರು ಯಾರ ಅತಿಥಿ ಎಂಬುದೇ ಇತ್ಯರ್ಥವಾಗುವುದಿಲ್ಲ. ಅವರಲ್ಲೊಬ್ಬ ಉದ್ರಿ ಕೇಳಿದರೆ ಸಾಲ ಕೊಟ್ಟವನ ಕಾಲಮ್ಮಿನಲ್ಲೂ ಅವನ ಹೆಸರನ್ನೇ ಬರೆಯಬೇಕಾಗುತ್ತದೆ.