ಒನ್ ಬೈ ಟೂ ಮೀಮಾಂಸೆ: ತಿಲಕ್ ನಗರದ ತಂತ್ರಾಂಶ ವ್ಯಾಕರಣಕ್ಕೊಂದು ಪ್ರವೇಶಿಕೆ

ಪೀಠಿಕೆ

ಕ್ರಿ.ಶ. 1604ರಲ್ಲಿ ಭಟ್ಟಾಕಳಂಕದೇವನು ಕನ್ನಡ ವ್ಯಾಕರಣವನ್ನು 592 ಸೂತ್ರಗಳಲ್ಲಿ, ಅದೂ ಸಂಸ್ಕೃತದಲ್ಲಿ, ಬರೆದು ಮುಗಿಸಿದನು. ಒಂದು ಭಾಷೆಯನ್ನು ಇನ್ನೊಂದರಲ್ಲಿ ಹೇಳಿದರೇನೇ ತೂಕ ಎಂಬ ಈ ಪರಂಪರೆ ಬಿಟಿಎಂ ಲೇಔಟಿನ ಕೋಚಿಂಗ್ ಸೆಂಟರುಗಳಲ್ಲಿ ಇಂದಿಗೂ ಅಬಾಧಿತ. ಅಲ್ಲಿ ಜಾವಾವನ್ನು ಇಂಗ್ಲಿಷಿನಲ್ಲಿ ಪಾಠ ಹೇಳಿ, ತೆಲುಗಿನಲ್ಲಿ ಡೌಟ್ ಕ್ಲಿಯರ್ ಮಾಡಿ, ಕನ್ನಡದಲ್ಲಿ ಫೀಸು ಕೇಳುತ್ತಾರೆ. ಆದರೆ ಹೀಗೆ ಕಲಿತವರು ಮುಂದೆ ಯಾವ ವ್ಯಾಕರಣದಂತೆ ಬಾಳುತ್ತಾರೆಂಬುದನ್ನು ಹೇಳುವ ಶಾಸ್ತ್ರಗ್ರಂಥ ಈವರೆಗೆ ಬಂದಿಲ್ಲ. ಆ ಕೊರತೆಯನ್ನು ನೀಗಿಸಲು ಈ ಕಿರುಗ್ರಂಥ.

ಅಧ್ಯಯನದ ಕ್ಷೇತ್ರ ತಿಲಕ್ ನಗರ. ಕವಿರಾಜಮಾರ್ಗ ಕನ್ನಡ ನಾಡಿಗೆ ನದಿಗಳಿಂದ ಎಲ್ಲೆ ಕಟ್ಟಿತು. ಇಲ್ಲಿ ನದಿ ಇಲ್ಲದ್ದರಿಂದ ಟ್ರಾಫಿಕ್ಕಿನಿಂದ ಕಟ್ಟಬೇಕಾಯಿತು. ಪಡುವಲಿಗೆ ಜಯನಗರ 4ನೇ ಟಿ ಬ್ಲಾಕ್, ಮೂಡಲಿಗೆ ಬನ್ನೇರುಘಟ್ಟ ರಸ್ತೆ, ತೆಂಕಲಿಗೆ ಜಯದೇವ ಜಂಕ್ಷನ್ನಿನ ಹಾರ್ನು. ಈ ನಾಡಿನ ಜನ ಓದದೆಯೇ ಕಾವ್ಯ ಕಟ್ಟಬಲ್ಲರು ಎಂದೂ ಆ ಗ್ರಂಥ ಹೊಗಳಿದೆ. ಓದದೆಯೇ ಕೋಡ್ ಕಟ್ಟುವವರು ಇಲ್ಲಿನ ಪಿಜಿಗಳಲ್ಲಿ ಮಹಡಿಗೊಬ್ಬರಂತೆ ಸಿಗುವುದರಿಂದ, 9ನೇ ಶತಮಾನದ ಆ ಮಾತಿನ ಪ್ರಾಮಾಣ್ಯ ಇನ್ನೂ ಕುಂದಿಲ್ಲ.

ಪೂರ್ವಪಕ್ಷಗಳು, ಅವುಗಳ ಖಂಡನೆ

ತಿಲಕ್ ನಗರಕ್ಕೂ ತಂತ್ರಾಂಶಕ್ಕೂ ಇರುವ ನಂಟಿನ ಬಗ್ಗೆ ಇತಿಹಾಸವಾದಿಗಳ ಮತ ಹೀಗಿದೆ: ಲೋಕಮಾನ್ಯ ತಿಲಕರ ಬಳಗ ‘ಕೇಸರಿ’ ಪತ್ರಿಕೆಯನ್ನು ಪುಣೆಯಲ್ಲಿ ಶುರುಮಾಡಿದ್ದು 1881ರಲ್ಲಿ. ಸರಿಯಾಗಿ 100 ವರ್ಷಕ್ಕೆ, 1981ರಲ್ಲಿ, ಅದೇ ಪುಣೆಯಲ್ಲಿ ಇನ್ಫೋಸಿಸ್ ಹುಟ್ಟಿತು. 1983ರಲ್ಲಿ ಅದು ಮೈಕೋ ಕಂಪನಿಯ ಕೆಲಸ ಹಿಡಿದು ಬೆಂಗಳೂರಿಗೆ ಬಂದು, ಜಯನಗರದ ಬಾಡಿಗೆ ಮನೆಯಲ್ಲಿ ಕಚೇರಿ ಹೂಡಿತು. ತಿಲಕರ ಊರಿಂದ ಹೊರಟಿದ್ದು ತಿಲಕ್ ನಗರದ ಪಕ್ಕಕ್ಕೇ ಬಂದು ನಿಂತಿತೆಂದರೆ ಇದು ದೈವಸಂಕಲ್ಪವಲ್ಲದೆ ಮತ್ತೇನು?

ಈ ಮತ ಗ್ರಾಹ್ಯವಲ್ಲ. ಅದೇ 1981ರಲ್ಲಿ ಇಸ್ರೋದವರು ಆ್ಯಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟು ಪರೀಕ್ಷಿಸಿದರು. ಹಾಗೆಂದು ಎತ್ತುಗಳಿಗೆ ಯಾರೂ ಷೇರು ಕೊಡಲಿಲ್ಲ.

ಇನ್ನು ರೆಸ್ಯೂಮೆವಾದಿಗಳು. ಎಷ್ಟು ಭಾಷೆಯೋ ಅಷ್ಟು ಪ್ಯಾಕೇಜು ಎಂಬುದು ಇವರ ಮೂಲಮಂತ್ರ. ಇವರ ರೆಸ್ಯೂಮೆಯಲ್ಲಿ 1957ರ ಫೋರ್ಟ್ರಾನಿನಿಂದ ಹಿಡಿದು ಹೋದ ವಾರ ಯಾರೋ ಹೆಸರು ಹೇಳಿದ ಭಾಷೆಯವರೆಗೆ ಎಲ್ಲವೂ ಅಲ್ಪವಿರಾಮ ಹಾಕಿಕೊಂಡು ಕೂತಿರುತ್ತವೆ. ಇವರಿಗೆ ಪಾಣಿನಿಯೇ ಉತ್ತರ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯಲು ಬಳಸುವ ಬ್ಯಾಕಸ್ ಪದ್ಧತಿಗೆ ‘ಪಾಣಿನಿ–ಬ್ಯಾಕಸ್’ ಎಂದೇ ಹೆಸರಿಡಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ ಪತ್ರ ಬರೆದು ವಾದಿಸಿದರು. ಇಂಥ ಪಾಣಿನಿ ಒಂದೇ ಒಂದು ಭಾಷೆ ಹಿಡಿದು ಸುಮಾರು 4000 ಸೂತ್ರ ಬರೆದವನು. ಇಂದು ಅರ್ಜಿ ಹಾಕಿದರೆ ‘ಸ್ಕಿಲ್‌ಸೆಟ್ ಕಮ್ಮಿ’ ಎಂದು ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತಿದ್ದ.

ಸಿದ್ಧಾಂತ

ಸೂತ್ರ: ಪೇಳ್ದುದಂ ಗೆಯ್ವುದು ಯಂತ್ರಂ, ಪೇಳದುದನರಿವುದು ಹೋಟೆಲ್.

ವೃತ್ತಿ: ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಮೂರು ಶಕ್ತಿಗಳಿವೆಯೆಂದು ಆಲಂಕಾರಿಕರು ಹೇಳುತ್ತಾರೆ. ಯಂತ್ರಕ್ಕೆ ಗೊತ್ತಿರುವುದು ಅಭಿಧೆಯೊಂದೇ, ಅಂದರೆ ಪದಕ್ಕೆ ನೇರ ಅರ್ಥ. ಮ್ಯಾನೇಜರಿಗೆ ಬರುವುದು ವ್ಯಂಜನೆಯೊಂದೇ, ಅಂದರೆ ಹೇಳದೆ ಸೂಚಿಸುವ ಧ್ವನಿ. ಅವರು ‘ಫ್ರೀ ಇದ್ದಾಗ ಸ್ವಲ್ಪ ನೋಡಿಬಿಡಿ’ ಎಂದರೆ ಧ್ವನ್ಯರ್ಥ ‘ಇವತ್ತೇ ಮುಗಿಸಿ’. ‘ಸಣ್ಣ ಚೇಂಜ್ ಅಷ್ಟೇ’ ಎಂದರೆ ‘ಮೊದಲಿಂದ ಬರೆಯಿರಿ’. ಧ್ವನಿಯನ್ನು ಇಳಿಸಿ ಇಳಿಸಿ ಅಭಿಧೆಗೆ ತಂದು ಯಂತ್ರದ ಮುಂದಿಡುವುದಕ್ಕೆ ಸಂಬಳ ಪಡೆಯುವವನೇ ಡೆವಲಪರ್. ಯಾವ ಭಾಷೆಯಲ್ಲಿ ಇಳಿಸಿದ ಎಂಬುದು ಗೌಣ.

ಪ್ರಯೋಗ: ಸ್ವಾಗತ್ ರಸ್ತೆಯ ಆಸುಪಾಸಿನ ಯಾವುದಾದರೂ ಟೀ ಅಂಗಡಿ. ಇಬ್ಬರು ಟೆಕ್ಕಿಗಳು, ಕೊರಳಲ್ಲಿ ಐಡಿ ಕಾರ್ಡು. ‘ಭಾಯ್, ಒನ್ ಬೈ ಟೂ.’ ಈ ವಾಕ್ಯವನ್ನು ನಾನಾ ಭಾಷೆಗಳಿಗೆ ಕೊಟ್ಟು ನೋಡೋಣ. 1972ರ ಸಿ ಭಾಷೆಯಲ್ಲಿ ಪೂರ್ಣಾಂಕ ಒಂದನ್ನು ಎರಡರಿಂದ ಭಾಗಿಸಿದರೆ ಬರುವುದು 0. ಇಬ್ಬರೂ ಖಾಲಿ ಲೋಟ ನೋಡಿಕೊಂಡು ಕೂರಬೇಕು. 1995ರ ಜಾವಾ ಇಟ್ಟುಕೊಂಡದ್ದೇ ಕಾಫಿಯ ಹೆಸರು, ಅಲ್ಲೂ 0. 1991ರಲ್ಲಿ ಬಂದ ಪೈಥಾನ್ ವರ್ಷಗಟ್ಟಲೆ 0 ಎನ್ನುತ್ತಿದ್ದು, 2008ರ ಡಿಸೆಂಬರಿನಲ್ಲಿ ಬಂದ 3.0ಯಿಂದ ಮನಸ್ಸು ಬದಲಿಸಿ 0.5 ಎಂದಿತು. ಬ್ರೆಂಡನ್ ಐಕ್ 10 ದಿನಗಳಲ್ಲಿ ಕಟ್ಟಿದ ಜಾವಾಸ್ಕ್ರಿಪ್ಟ್ ಮಾತ್ರ ಮೊದಲಿಂದಲೂ 0.5 ಕೊಡುತ್ತ ಬಂದಿದೆ. ಅವಸರದಲ್ಲಿ ಹುಟ್ಟಿದವರಿಗೆ ಔದಾರ್ಯ ಹೆಚ್ಚು.

ತಿಲಕ್ ನಗರದಲ್ಲಿ ಬರುವ ಉತ್ತರವೇ ಬೇರೆ. ಭಾಯ್ ತಲೆಯೆತ್ತುವುದಿಲ್ಲ. ಎರಡು ಗಾಜಿನ ಲೋಟ ಕಟ್ಟೆಗೆ ಕುಟ್ಟಿ ಇಡುತ್ತಾರೆ, ಕೆಟಲನ್ನು ಮೊಣಕೈ ಮಟ್ಟಕ್ಕೆ ಎತ್ತಿ ಸುರಿಯುತ್ತಾರೆ. ಲೋಟಗಳು ಅರ್ಧಕ್ಕೆ ನಿಲ್ಲದೆ ಮುಕ್ಕಾಲು ತುಂಬುತ್ತವೆ. ‘ಸಾರ್‌ಗೆ ಶುಗರ್ ಕಮ್ಮಿ’ ಎಂದು, ಯಾರೂ ಹೇಳದಿದ್ದರೂ, ಒಂದು ಲೋಟ ಬಲಕ್ಕೆ ಸರಿಯುತ್ತದೆ. ಹೀಗೆ ಒಂದನ್ನು ಎರಡರಿಂದ ಭಾಗಿಸಿದಾಗ ಬಂದ ಮೊತ್ತ ಒಂದೂವರೆ! ಕನ್ನಡ, ದಖನಿ ಉರ್ದು, ತಮಿಳು, ಅವಶ್ಯಕತೆ ಬಿದ್ದರೆ ತೆಲುಗು, ಇವನ್ನೆಲ್ಲ ಗಲ್ಲಾದ ಹಿಂದೆ ನಿಂತೇ ಕಲಿತ ಇವರಲ್ಲಿ ಯಾವುದಕ್ಕೂ ಸರ್ಟಿಫಿಕೇಟಿಲ್ಲ.

ಪ್ರತಿಪ್ರಯೋಗ: ಅಭಿಧೆಯೊಂದನ್ನೇ ಬಲ್ಲ ಜೀವಿಗೆ ನಮ್ಮಲ್ಲಿ ಪೂರ್ವನಿದರ್ಶನ ಉಂಟೇ? ಉಂಟು. 1990ರ ದಶಕದಲ್ಲಿ ಬೆಂಗಳೂರಿನ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಬರುವ ದೆವ್ವ ಅದನ್ನು ಓದಿ ವಾಪಸಾಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ವಾಪಸಾಗುತ್ತದೆ. ಕನ್ನಡದಲ್ಲಿ ಬರೆದ, ಸೀಮೆಸುಣ್ಣವೊಂದನ್ನೇ ಹಾರ್ಡ್‌ವೇರಾಗಿ ಬಳಸಿದ, ಒಮ್ಮೆಯೂ ಕ್ರ್ಯಾಶ್ ಆಗದ ಮೊದಲ ಇನ್ಫಿನಿಟ್ ಲೂಪ್ ಇದೇ ಎಂಬುದು ನಮ್ಮ ಮತ. ಕಂಪ್ಯೂಟರು ಈ ದೆವ್ವದ ಸಗೋತ್ರ: ಅಕ್ಷರ ಓದುತ್ತದೆ, ಬರೆದವರ ಮನಸ್ಸನ್ನು ಓದುವುದಿಲ್ಲ. ದಿನಸಿ ಅಂಗಡಿಯ ‘ಇಂದು ನಗದು, ನಾಳೆ ಸಾಲ’ ಎಂಬ ಬೋರ್ಡು ಇದೇ ಕೋಡಿನ ವಾಣಿಜ್ಯ ಆವೃತ್ತಿ.

ಬಗ್ಗಿನ ವಿಭಕ್ತಿ ಪ್ರಕರಣ

ಮ್ಯಾನೇಜರಿನ ಧ್ವನಿಗೂ ದೆವ್ವದ ಅಭಿಧೆಗೂ ನಡುವೆ ಉಳಿದ ಸಂದಿಯಲ್ಲಿ ಹುಟ್ಟುವುದು ಬಗ್ಗು. ಅದರ ರೂಪಗಳು:

ಪ್ರಥಮಾ: ಬಗ್ಗು ಬಂತು (ಟೆಸ್ಟರ್).
ದ್ವಿತೀಯಾ: ಬಗ್ಗನ್ನು ನಾನು ನೋಡೇ ಇಲ್ಲ, ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆ (ಡೆವಲಪರ್).
ತೃತೀಯಾ: ಬಗ್ಗಿನಿಂದ ರಿಲೀಸ್ ನಿಂತಿದೆ (ಮ್ಯಾನೇಜರ್).
ಚತುರ್ಥೀ: ಬಗ್ಗಿಗೆ ಟಿಕೆಟ್ ಹಾಕಿ (ಸರ್ವರೂ).
ಪಂಚಮೀ: ಬಗ್ಗಿನ ದೆಸೆಯಿಂದ ಶನಿವಾರ ಹೋಯ್ತು (ಡೆವಲಪರ್, ಹೆಂಡತಿಗೆ).
ಷಷ್ಠೀ: ಬಗ್ಗಿನ ಓನರ್ ಯಾರು? (ಕಾಲ್‌ನಲ್ಲಿ ಎಲ್ಲರೂ ಮ್ಯೂಟ್).
ಸಪ್ತಮೀ: ಬಗ್ಗಿನಲ್ಲೇ ಒಂದು ಫೀಚರ್ ಇದೆ (ಸೇಲ್ಸ್‌ನವರು).
ಸಂಬೋಧನಾ: ರಾತ್ರಿ ಎರಡರ ಮೇಲೆ ಬಳಕೆ, ಅಚ್ಚಿಗೆ ಯೋಗ್ಯವಲ್ಲ.

ಪ್ರಯೋಗಭೇದವನ್ನೂ ಗಮನಿಸಬೇಕು. ಒಳ್ಳೆಯದಾದರೆ ಕರ್ತರಿ: ‘ನಾನು ಫಿಕ್ಸ್ ಮಾಡಿದೆ.’ ಕೆಟ್ಟದ್ದಾದರೆ ಕರ್ತೃವೇ ಲೋಪ: ‘ಡೇಟಾ ಡಿಲೀಟ್ ಆಗಿಹೋಯ್ತು.’ ಕೋಡು ಕೊಬಾಲಿನಲ್ಲಿದ್ದಾಗಲೂ ಪೈಥಾನಿಗೆ ಬಂದಾಗಲೂ ಈ ಪ್ರಕರಣದಲ್ಲಿ ಒಂದಕ್ಷರ ತಿದ್ದಬೇಕಾಗಿ ಬಂದಿಲ್ಲ.

ನವೀನರ ಮತ

ಎಐ ಬಂದ ಮೇಲೆ ಭಾಷೆ ಕಲಿಯುವುದೇ ಬೇಡ, ಬೇಕಾದ್ದನ್ನು ಮಾತಲ್ಲಿ ಹೇಳಿದರಾಯಿತು, ಕನ್ನಡದಲ್ಲಿ ಹೇಳಿದರೂ ಕೋಡು ಬರುತ್ತದೆ ಎಂದು ನವೀನರು ವಾದಿಸುತ್ತಾರೆ. ಅದು ನಿಜವೇ. ಆದರೆ ಹಳೆಯ ದೆವ್ವ ಓದಿದ್ದನ್ನಷ್ಟೇ ನಂಬುತ್ತಿತ್ತು. ಹೊಸ ದೆವ್ವಕ್ಕೆ ಊಹಿಸುವ ಚಟ. ‘ನಾಳೆ ಬಾ’ ಎಂಬುದನ್ನು ಓದಿ, ‘ಮನೆಯವರು ಸಂಕೋಚಕ್ಕೆ ಹೀಗೆ ಬರೆದಿದ್ದಾರೆ, ನಿಜವಾಗಿ ಕರೆಯುತ್ತಿದ್ದಾರೆ’ ಎಂದು ತೀರ್ಮಾನಿಸಿ ಒಳಗೆ ಬಂದು, ಅಡುಗೆಮನೆಯನ್ನೂ ತಾನೇ ಮರುಜೋಡಿಸಿ, ಕೊನೆಗೆ ಕ್ಷಮೆ ಕೇಳುತ್ತದೆ. ಭಾಯ್ ಕೂಡ ಊಹಿಸುತ್ತಾರೆ, ಆದರೆ ಅವರ ಊಹೆ ತಪ್ಪಿದರೆ ಗಿರಾಕಿ ಎದುರಿಗೇ ಮುಖ ಸಿಂಡರಿಸುತ್ತಾನೆ. ಮರುದಿನಕ್ಕೆ ಸಕ್ಕರೆ ಸರಿಹೋಗುತ್ತದೆ. ದೆವ್ವದ ಊಹೆ ತಪ್ಪಿದರೆ ಗೊತ್ತಾಗುವುದು ಪ್ರೊಡಕ್ಷನ್ನಿನಲ್ಲಿ, ಶುಕ್ರವಾರ ಸಂಜೆ. ಆದ್ದರಿಂದ ಅದು ಬರೆದದ್ದನ್ನು ಓದಿ, ಕೇಳಿದವರು ಕೇಳಿದ್ದು ಇದೇನಾ ಎಂದು ನೋಡುವವನೊಬ್ಬ ಇನ್ನೂ ಬೇಕು. ಅವನ ಕೆಲಸದ ಹೆಸರು ಸದ್ಯ ಬದಲಾಗುತ್ತಿದೆ, ಸಂಬಳವೂ ಬದಲಾಗಬಹುದು, ಮೇಲಿನ ಸೂತ್ರ ಬದಲಾಗದು.

ಫಲಶ್ರುತಿ

ಇದನ್ನು ನಿತ್ಯ ಪಠಿಸುವ ಫ್ರೆಶರ್‌ಗೆ ಬೆಂಚಿನಿಂದ ಬಿಡುಗಡೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮೆಟ್ರೋದಲ್ಲಿ, ಜಯದೇವದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ನಿಂತುಕೊಂಡೇ ಪಠಿಸುವ ಸೀನಿಯರ್‌ಗೆ ಸೀಟು. ಪಠಿಸಿದ ಮ್ಯಾನೇಜರು ಮೂರು ದಿನದೊಳಗೆ ತಮಗೆ ಬೇಕಾದ್ದೇನೆಂದು ಒಂದೇ ವಾಕ್ಯದಲ್ಲಿ, ಕರ್ತೃ ಕರ್ಮ ಕ್ರಿಯಾಪದಗಳ ಸಮೇತ, ಬರೆದುಕೊಡುವಂಥವರಾಗುತ್ತಾರೆ. ಈ ಕೊನೆಯ ಫಲ ಈವರೆಗೆ ಯಾರಿಗೂ ಸಿದ್ಧಿಸಿಲ್ಲ. ಅದಕ್ಕೆ ಟಿಕೆಟ್ ಹಾಕಲಾಗಿದೆ.