ಓಡ್ತಾ ಓಡ್ತಾ ಸೆಟ್ ಆಗುತ್ತೆ

ಹೊಸ ಸಾಮಾನು ಹಳೇ ಕಾರಿಗೆ ಕೂರದಿದ್ದರೆ ತಪ್ಪು ಯಾರದು? ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಲಘಟ್ಟಪುರದವರೆಗೆ ಯಾರನ್ನೇ ಕೇಳಿ, ಕಾರಿನದೇ ಅನ್ನುತ್ತಾರೆ. ಸಾಮಾನು ಈಗಷ್ಟೇ ಪ್ಲಾಸ್ಟಿಕ್ ಚೀಲದಿಂದ ಹೊರಬಂದಿದೆ, ಮೈತುಂಬ ಗ್ರೀಸು ಬಳಿದುಕೊಂಡಿದೆ. ಅದು ತಪ್ಪು ಮಾಡೀತೆ?

ನನ್ನದು ಪ್ರೀಮಿಯರ್ ಪದ್ಮಿನಿ. ಹೆಸರು ಚಿತ್ತೋಡದ ರಾಣಿಯದು, ವಂಶ ಇಟಲಿಯ ಫಿಯೆಟ್ 1100, ತವರು ಮುಂಬಯಿಯ ಕುರ್ಲಾ. ತವರಿನವರು ಕೈಬಿಟ್ಟು ಎರಡು ದಶಕ ಕಳೆದರೂ ಬಿಡಿಭಾಗಗಳಿಗೆ ಬರವಿರಲಿಲ್ಲ, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಪುಣ್ಯ. ಅಲ್ಲಿ ಟ್ಯಾಕ್ಸಿಗೆ 20 ವರ್ಷ ಆಯುಷ್ಯ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರಿಗೆ ಅದೂ ರಸ್ತೆಯಿಂದ ಇಳಿಯಿತು. ಪತ್ರಿಕೆಗಳು ಆಗಲೇ ಕಣ್ಣೀರಿಟ್ಟವು. ನನಗೆ ಅಳು ಬಂದದ್ದು ಮುಂದಿನ ಚಕ್ರವನ್ನು ಹಿಡಿದಿಡುವ ಆರ್ಮಿಗೆ ಬುಶ್ ಹುಡುಕಹೊರಟಾಗ.

ನಾವಿರುವ ತಲಘಟ್ಟಪುರಕ್ಕೆ 2021ರಲ್ಲಿ ಮೆಟ್ರೊ ಬಂತು. ಹತ್ತಿ ಕೂತರೆ ಎಲ್ಲೂ ಬದಲಿಸದೆ ಕೆ.ಆರ್. ಮಾರ್ಕೆಟ್ಟು, ಅಲ್ಲಿಂದ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಕಾಲ್ನಡಿಗೆ. ಹೀಗಾಗಿ ನನ್ನ ಕಾರಿನ ಬಿಡಿಭಾಗಗಳು ಕಾರಿಗಿಂತ ಹೆಚ್ಚು ಊರು ಸುತ್ತಿವೆ. ಸ್ಕ್ಯಾನರಿನಲ್ಲಿ ದಪ್ಪನೆಯ ಸ್ಪ್ರಿಂಗು ಕಂಡ ಭದ್ರತೆಯವರು ಚೀಲ ಬಿಚ್ಚಿಸಿದರು. ಪದ್ಮಿನಿಯದು ಎಂದೆ. ಅವರ ಮುಖ ಅರಳಿತು. ‘ನಮ್ ತಾತನ ಹತ್ರಾನೂ ಇತ್ತು ಸಾರ್!’ ಎಲ್ಲರ ತಾತನ ಹತ್ತಿರವೂ ಒಂದು ಪದ್ಮಿನಿ ಇತ್ತು. ಬುಶ್ಶನ್ನು ಮಾತ್ರ ಯಾವ ತಾತನೂ ಎತ್ತಿಟ್ಟಿಲ್ಲ.

ಬುಶ್ ಎಂದರೆ ಎರಡು ಕಬ್ಬಿಣದ ಕೊಳವೆ, ನಡುವೆ ರಬ್ಬರು. ಹೊರಗಿನ ಕೊಳವೆ ಆರ್ಮಿನ ಕಣ್ಣಿನೊಳಗೆ ಬಿಗಿಯಾಗಿ ಕೂರಬೇಕು. ನಾನು ತಂದದ್ದು ಬಲಗಡೆ ಬೆರಳಲ್ಲಿ ಒತ್ತಿದರೆ ಈಚೆಯಿಂದ ಹೋಗಿ ಆಚೆ ಬಿತ್ತು; ಎಡಗಡೆ ಸುತ್ತಿಗೆಗೂ ಜಗ್ಗಲಿಲ್ಲ. ಎರಡೂ ಒಂದೇ ಡಬ್ಬಿಯ ಅವಳಿಗಳು! ನಮ್ಮ ಮೆಕ್ಯಾನಿಕ್ ಬಲಗಡೆಯದಕ್ಕೆ ತಂಪುಪಾನೀಯದ ಟಿನ್ನು ಕತ್ತರಿಸಿ ಸುತ್ತಿದ. ಎಡಗಡೆಗೆ, ‘ಆರ್ಮನ್ನೇ ಲೇತಿಗೆ ಹಾಕಿ ಕಣ್ಣು ದೊಡ್ಡದು ಮಾಡ್ಸೋಣ’ ಅಂದ.

‘ಅಳತೆ ತಪ್ಪಿರೋದು ಬುಶ್ಶಿಂದಲ್ವೇನಪ್ಪಾ?’

‘ಅದು ಹೊಸ್ದು ಸಾರ್.’

ಲೇತಿನವನು ವರ್ನಿಯರ್ ಹಿಡಿದು ಆರ್ಮು, ಬುಶ್ಶು ಎರಡನ್ನೂ ಅಳೆದ. ಈ ಇಡೀ ವ್ಯವಹಾರದಲ್ಲಿ ಅಳತೆಗೆ ಕೈಹಾಕಿದವನು ಅವನೊಬ್ಬನೇ. ಆರ್ಮು ಮುಟ್ಟದೆ ಬುಶ್ಶಿನ ಮೈಯನ್ನೇ ಸಣ್ಣಗೆ ತುರಿದುಕೊಟ್ಟ. ಅವನಿಗೆ ನಮಸ್ಕಾರ.

ಈ ಬುಶ್ಶಿನ ಬೋಲ್ಟನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಪೂರ್ತಿ ಬಿಗಿಯಬೇಕು. ಜಾಕಿನ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ, ಇಳಿಸಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಓದಿದ್ದನ್ನೆಲ್ಲ ಹೇಳಿದೆ. ಮೆಕ್ಯಾನಿಕ್ ಶ್ರದ್ಧೆಯಿಂದ ಕೇಳಿಸಿಕೊಂಡು, ‘ಗಾಡಿ ಕೆಳಗಿದ್ರೆ ಕೈ ಹೋಗಲ್ಲ ಸಾರ್’ ಅಂದ. ಭೌತಶಾಸ್ತ್ರ ಅಲ್ಲಿಗೆ ಮುಗಿಯಿತು.

ಇನ್ನು ಮೆಟ್ರೊದಲ್ಲಿ ಬಂದ ಸ್ಪ್ರಿಂಗು. ಅದರ ತಂತಿ ಶೇ. 5ರಷ್ಟು ದಪ್ಪವಾದರೂ ಬಿರುಸು ಶೇ. 20ಕ್ಕಿಂತ ಹೆಚ್ಚಾಗುತ್ತದೆ, ದಪ್ಪದ ನಾಲ್ಕನೇ ಘಾತದ ಲೆಕ್ಕ ಅದು. ತಯಾರಿಸಿದ ಪುಣ್ಯಾತ್ಮ ‘ಒಂಚೂರು ದಪ್ಪ ಇರ್ಲಿ, ಬಾಳಿಕೆ ಬರುತ್ತೆ’ ಎಂದುಕೊಂಡಿರಬೇಕು. ಕಾರು ಮೂಗೆತ್ತಿ ನಿಂತಿತು. ಕನಕಪುರ ರಸ್ತೆಯ ಮೊದಲ ಹಂಪಿನಲ್ಲೇ ಹೆಂಡತಿಯ ತಲೆ ಚಾವಣಿ ಮುಟ್ಟಿತು. ‘ಟ್ರ್ಯಾಕ್ಟರಿನಲ್ಲಾದ್ರೆ ಹಿಡ್ಕೊಳ್ಳೋಕೆ ಏನಾದ್ರೂ ಇರುತ್ತೆ’ ಎಂದಳು. ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, ‘ಓಡ್ತಾ ಓಡ್ತಾ ಸೆಟ್ ಆಗುತ್ತೆ ಸಾರ್.’ ಸೆಟ್ ಆಗುವುದು ಸ್ಪ್ರಿಂಗೋ ನಮ್ಮ ಸೊಂಟವೋ, ಅವನು ಹೇಳಲಿಲ್ಲ.

ಬಿಚ್ಚಿಸಿಕೊಂಡು ಅಂಗಡಿಗೆ ವಾಪಸು ಒಯ್ದೆ. ಕೌಂಟರಿನ ಯಜಮಾನರು ಸ್ಪ್ರಿಂಗನ್ನು ತಿರುಗಿಸಿ ಮುರುಗಿಸಿ ನೋಡಿ, ಮಾಲು ಸರಿಯಾಗಿದೆ, ನಿಮ್ಮ ಗಾಡಿಯ ಮೈ ಇಳಿದಿರಬೇಕು ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: ‘ಬಿಚ್ಚಿದ ಹಳೇ ಸ್ಪ್ರಿಂಗ್ ಏನ್ ಮಾಡಿದ್ರಿ? ಇದ್ರೆ ನಮಗೇ ಕೊಡಿ ಸಾರ್. ಒರಿಜಿನಲ್ಲಿಗೆ ಒಳ್ಳೇ ರೇಟಿದೆ.’